ನೀಲಿಯಾದ ಕಾಗದ

ಕೋವಿಡ್ ಮುಗಿದು ಶಾಲೆಗಳು ಸರಿಯಾಗಿ ತೆರೆದ ಎರಡನೆಯ ವರ್ಷ. ನಾನಾಗ ಬೈಂದೂರು ತಾಲೂಕಿನ ಕಡಲತಡಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಮೀನು ಕೆಡದಂತೆ ಫಾರ್ಮಲಿನ್ ಎಂಬ ವಿಷದ ರಾಸಾಯನಿಕ ಹಾಕುತ್ತಾರೆಂಬ ಸುದ್ದಿ ಮೊಬೈಲುಗಳಲ್ಲಿ ಓಡಾಡುತ್ತಿತ್ತು. ಅದನ್ನೇ ವಿಜ್ಞಾನ ಮೇಳಕ್ಕೆ ವಿಷಯವಾಗಿ ಆರಿಸಿಕೊಂಡವಳು ಒಂಬತ್ತನೆಯ ತರಗತಿಯ ರಕ್ಷಿತಾ. ಪರೀಕ್ಷೆ ಸರಳ: ಕಾಗದದ ಪಟ್ಟಿಯನ್ನು ಮೀನಿನ ಮೇಲೆ ಉಜ್ಜಿ ಒಂದು ಹನಿ ದ್ರಾವಣ ಹಾಕಬೇಕು. ಪಟ್ಟಿ ಕಡುನೀಲಿಯಾದರೆ ಫಾರ್ಮಲಿನ್ ಇದೆಯೆಂದು ಅರ್ಥ.

ನಾನು ತರಬೇತಿಗೆಂದು ಉಡುಪಿಗೆ ಹೋಗಿದ್ದ ದಿನ ಮಕ್ಕಳು ಪರೀಕ್ಷೆ ಮಾಡಿಬಿಟ್ಟರು. ರಕ್ಷಿತಾ ತಂದದ್ದು ಮನೆಮನೆಗೆ ಮೀನು ಮಾರುವ ತನ್ನ ತಾಯಿ ಗಿರಿಜಕ್ಕನ ಬುಟ್ಟಿಯ ಬಂಗಡೆ ಮೀನು. ಪಟ್ಟಿ ನೀಲಿಯಾಯಿತು. ಯಾರೋ ಫೋಟೋ ತೆಗೆದರು. ಸಂಜೆಯೊಳಗೆ ಅದು ಊರೆಲ್ಲ ಹರಡಿತು, ಗಿರಿಜಕ್ಕನ ಹೆಸರಿನ ಸಮೇತ.

ಮರುದಿನ ನಾನು ಬರುವಾಗ ಗಿರಿಜಕ್ಕ ಶಾಲೆಯ ಜಗಲಿಯಲ್ಲಿ ಕೂತಿದ್ದರು. ಜಗಳಕ್ಕೆ ಬಂದವರಂತೆ ಕಾಣಲಿಲ್ಲ.

"ಟೀಚರೇ, ನಾ ವಿಷ ಹಾಕ್ತ್ನಾ? ಅದೇ ಮೀನ್ ನನ್ ಮಗ್ಳಿಗೂ ಬಡ್ಸುದ್. ಇವತ್ತ್ ಒಬ್ರೂ ಬಾಗ್ಲ್ ತೆಗಿಲಿಲ್ಲೆ."

ರಕ್ಷಿತಾ ಹಿಂದಿನ ರಾತ್ರಿ ಊಟ ಮಾಡಿರಲಿಲ್ಲ. ತಾಯಿಯ ಮುಖ ನೋಡಲಾರದೆ ತರಗತಿಯ ಮೂಲೆಯಲ್ಲಿ ಕೂತಿದ್ದಳು. ಮುಖ್ಯೋಪಾಧ್ಯಾಯರು, "ನಾಲ್ಕು ದಿನ ಸುಮ್ಮನಿದ್ದರೆ ತಣ್ಣಗಾಗುತ್ತದೆ, ಮೇಡಂ" ಎಂದರು. ಇನ್ನೊಮ್ಮೆ ಪರೀಕ್ಷೆ ಮಾಡಲು ನನಗೂ ಹೆದರಿಕೆಯಿತ್ತು. ಆ ಬಂಗಡೆ ಗಿರಿಜಕ್ಕ ಬಂದರಿನ ಏಲಂನಲ್ಲಿ ಬೆಲೆ ಕೂಗಿ ಕೊಂಡದ್ದು. ಅದಕ್ಕೂ ಮೊದಲು ಅದು ಯಾವ ಲಾರಿಯಲ್ಲಿತ್ತೋ ಅವರಿಗೂ ಗೊತ್ತಿರಲಿಲ್ಲ. ಮತ್ತೆ ನೀಲಿಯಾದರೆ ಆ ಸಂಸಾರವನ್ನು ನನ್ನ ಕೈಯಾರೆ ಮುಳುಗಿಸಿದಂತೆ.

ಆದರೂ ಮಕ್ಕಳ ಪರೀಕ್ಷೆಯಲ್ಲಿ ಒಂದು ದೊಡ್ಡ ಕೊರತೆಯಿತ್ತು. ಅದರಲ್ಲಿ ಕಂಟ್ರೋಲ್ ಇರಲಿಲ್ಲ. ಅಂದರೆ ಉತ್ತರ ಮೊದಲೇ ಗೊತ್ತಿರುವ, ಹೋಲಿಕೆಗೆಂದು ಇಡುವ ಮಾದರಿ. ರಕ್ಷಿತಾಳನ್ನು ಕರೆದು, ಕಂಟ್ರೋಲ್ ಇಟ್ಟು ಇನ್ನೊಮ್ಮೆ ಮಾಡೋಣವೇ ಎಂದು ಕೇಳಿದೆ. "ಮಾಡ್ವ ಟೀಚರ್" ಎಂದಳು.

ನಾಲ್ಕು ಮಾದರಿಗಳನ್ನು ಗೊತ್ತುಮಾಡಿದೆವು. ಮೊದಲ ಪರೀಕ್ಷೆಯ ದಿನದ ಬಂಗಡೆಯಲ್ಲಿ ಉಳಿದದ್ದನ್ನು ಗಿರಿಜಕ್ಕ ಐಸ್ ಪೆಟ್ಟಿಗೆಯಲ್ಲಿಟ್ಟಿದ್ದರು, ಅದೊಂದು. ನಮ್ಮ ಕಣ್ಣೆದುರೇ ಹೊಳೆಯಲ್ಲಿ ಬಲೆ ಬೀಸಿ ಹಿಡಿಸಿದ ಮೀನೊಂದು. ನಾನೇ ಫಾರ್ಮಲಿನ್‌ನಲ್ಲಿ ಅದ್ದಿದ ಮೀನೊಂದು. ಕೊನೆಯದು ಬರೀ ಕುದಿಸಿ ಆರಿಸಿದ ನೀರು. ಯಾವುದು ಯಾವುದೆಂದು ಪರೀಕ್ಷಿಸುವವರಿಗೆ ತಿಳಿದಿದ್ದರೆ ಕಣ್ಣು ತನಗೆ ಬೇಕಾದ ಬಣ್ಣ ಕಂಡೀತು. ಹಾಗಾಗಿ ಗಣಿತದ ಶಿಕ್ಷಕಿ ಒಬ್ಬರೇ ಬೇರೆ ಕೋಣೆಯಲ್ಲಿ ಮೀನುಗಳನ್ನು ತುಂಡು ಮಾಡಿ, ಮೂರಕ್ಕೂ ಗುಟ್ಟಾಗಿ ಸಂಖ್ಯೆ ಕೊಟ್ಟರು. ನೀರಿಗೆ ನಾಲ್ಕನೆಯ ಸಂಖ್ಯೆ.

ಪ್ರಯೋಗಾಲಯದ ಬಾಗಿಲಲ್ಲಿ ಗಿರಿಜಕ್ಕ ಮತ್ತು ಇನ್ನಿಬ್ಬರು ಮೀನು ಮಾರುವ ಹೆಂಗಸರು ನಿಂತಿದ್ದರು. ರಕ್ಷಿತಾ ಹನಿ ಹಾಕಿದಳು. ಒಂದು ನೀಲಿಯಾಯಿತು. ಎರಡು ನೀಲಿಯಾಯಿತು. ಮೂರೂ ಆಯಿತು. ಆಗ ರಕ್ಷಿತಾ ಮೆಲ್ಲಗೆ ಹೇಳಿದಳು: "ಟೀಚರ್, ನೀರಿಂದೂ ನೀಲಿ ಆಯ್ತ್."

ನೀರಿನಲ್ಲಿ ಫಾರ್ಮಲಿನ್ ಎಲ್ಲಿಂದ ಬರಬೇಕು? ಕಪಾಟಿನತ್ತ ನೋಡಿದೆ. ಕಪ್ಪೆ, ಹಾವುಗಳನ್ನು ಫಾರ್ಮಲಿನ್‌ನಲ್ಲಿಟ್ಟ ಜಾಡಿಗಳು ಸಾಲಾಗಿದ್ದವು. ಅವುಗಳ ದ್ರಾವಣ ಬದಲಾಯಿಸುವಾಗ ಬಳಸುತ್ತಿದ್ದ ತಟ್ಟೆ ಮತ್ತು ಇಕ್ಕುಳಗಳನ್ನೇ ಮಕ್ಕಳು ಆ ದಿನವೂ ಈ ದಿನವೂ ತೆಗೆದುಕೊಂಡಿದ್ದರು.

ಎಲ್ಲವನ್ನೂ ಬಿಟ್ಟು ಹೊರಗೆ ಜಗಲಿಗೆ ಬಂದೆವು. ಕೈ ತೊಳೆದು, ಒಂದೊಂದು ಮಾದರಿಗೂ ಬೇರೆ ಬಾಳೆಲೆಯ ತುಂಡು ಹಾಸಿದೆವು. ಗಣಿತದ ಶಿಕ್ಷಕಿ ಹೊಸ ತುಂಡುಗಳಿಗೆ ಸಂಖ್ಯೆ ಬದಲಿಸಿ ತಂದರು. ಮೊದಲು ಪರೀಕ್ಷಿಸಿದ್ದು ನೀರು. ಬಣ್ಣ ಬರಲಿಲ್ಲ. ಒಂದನೆಯದಕ್ಕೂ ಬರಲಿಲ್ಲ. ಎರಡನೆಯದು ಕಡುನೀಲಿಯಾಯಿತು. ಮೂರನೆಯದು ಹಾಗೇ ಉಳಿಯಿತು.

ಗಿರಿಜಕ್ಕನೇ ಮೊದಲು ಕೇಳಿದರು: "ಎರಡ್ ಯಾರದ್ದ್?"

"ನಾವೇ ಫಾರ್ಮಲಿನ್‌ನಲ್ಲಿ ಅದ್ದಿದ ಮೀನು" ಎಂದರು ಗಣಿತದ ಶಿಕ್ಷಕಿ.

ಗಿರಿಜಕ್ಕ ನಗಲಿಲ್ಲ. ಮಗಳ ಹತ್ತಿರ ಹೋಗಿ, "ಬಾ ಹೆಣೆ, ಉಂಬ" ಎಂದು ಊಟಕ್ಕೆ ಕರೆದರು.

ಎರಡನೆಯ ಪರೀಕ್ಷೆಯ ವಿಡಿಯೋವನ್ನು ನಾವೂ ಹಂಚಿದೆವು. ಅದು ಆ ಫೋಟೋದಷ್ಟು ದೂರ ಹೋಗಲಿಲ್ಲ. ಕೆಲವು ಮನೆಗಳ ಬಾಗಿಲು ಗಿರಿಜಕ್ಕನಿಗೆ ಮತ್ತೆ ತೆರೆಯಲು ಮಳೆಗಾಲ ಕಳೆಯಬೇಕಾಯಿತು.

ಕೆಲವು ದಿನಗಳ ಮೇಲೆ ರಕ್ಷಿತಾ ಕೇಳಿದಳು: "ಅಮ್ಮನ ಮೀನೇ ನೀಲಿ ಆಗಿದ್ರೆ ಎಂತ ಮಾಡ್ತಿದ್ರಿ ಟೀಚರ್?"

"ನೀಲಿ ಅಂತಲೇ ಹೇಳಬೇಕಿತ್ತು" ಎಂದೆ.

ಅವಳು ತಲೆಯಾಡಿಸಿದಳು. "ನಂಗೂ ಗೊತ್ತಿತ್ತ್. ಅದ್ಕೇ ಹನಿ ಹಾಕುವಾಗ ಕೈ ನಡುಗಿದ್ದ್."

ನಮಗೆ ಬೇಡವಾದ ಉತ್ತರ ಬರಲು ಜಾಗವಿಲ್ಲದ ಪ್ರಯೋಗ ಪ್ರಯೋಗವೇ ಅಲ್ಲ ಎಂದು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಅದಕ್ಕೆ ಎಷ್ಟು ಧೈರ್ಯ ಬೇಕೆಂದು ತಿಳಿದದ್ದು ಆ ಹುಡುಗಿಯ ಪಕ್ಕದಲ್ಲಿ ನಿಂತಾಗ.