ಕರೆಂಟು ಹೋದರೂ ಮಾತಾಡುವ ಫೋನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಸ್ತೆ ಬದಿಯ ಗುಂಡಿಯ ಕಬ್ಬಿಣದ ಮುಚ್ಚಳವನ್ನು ಹಾರೆಯಿಂದ ಮೀಟಿ ಸರಿಸಿದ ತಂತಿಯಣ್ಣ ಒಂದು ಕ್ಷಣ ಮುಖ ಆಚೆ ತಿರುಗಿಸುತ್ತಾರೆ. ರಾತ್ರಿಯೆಲ್ಲ ಚರಂಡಿ ಒಳಗೆ ಒಸರಿದೆ. ಬಕೆಟ್ಟಿಗೆ ಹಗ್ಗ ಕಟ್ಟಿ ಆ ನೀರನ್ನು ಸೇದಿ ಸೇದಿ ಹೊರಗೆ ಚೆಲ್ಲುತ್ತಾರೆ. ಹಾಲು ತರಲು ಹೊರಟವರೊಬ್ಬರು ಚಪ್ಪಲಿ ನೆನೆಯದಂತೆ ಹಾರಿ ದಾಟುತ್ತಾ, "ಏನಣ್ಣಾ, ಬೆಳಿಗ್ಗೆ ಬೆಳಿಗ್ಗೆ ಬಾವಿ ತೋಡ್ತಿದ್ದೀರಾ?" ಅನ್ನುತ್ತಾರೆ. "ಹೂಂ, ಬಿಂದಿಗೆ ತಗೊಂಡು ಬನ್ನಿ" ಅಂತ ಇವರ ಉತ್ತರ.

ಎದೆಮಟ್ಟದ ಗುಂಡಿಗೆ ಇಳಿದರೆ ತೋಳು ಗಾತ್ರದ ಕೇಬಲ್. ಅದರ ಹೊದಿಕೆ ಬಿಚ್ಚಿದರೆ ಒಳಗೆ ಕೂದಲಿನಂಥ ತಾಮ್ರದ ತಂತಿಗಳು, ಜೋಡಿ ಜೋಡಿ, ನೀಲಿ, ಕಿತ್ತಳೆ, ಹಸಿರು. ಸೊಂಟದಲ್ಲಿ ನೇತಾಡುವ ಪರೀಕ್ಷೆಯ ಫೋನಿನ ಎರಡು ಹಲ್ಲುಗಳನ್ನು ಒಂದು ಜೋಡಿಗೆ ಕಚ್ಚಿಸಿ ಕಿವಿಗಿಡುತ್ತಾರೆ. "ಗೊಂಯ್ ಅಂದ್ರೆ ಜೀವ ಇದೆ ಅಂತ. ಸುಮ್ಮನಿದ್ರೆ..." ಅಂದವರು ಮುಂದಿನ ಜೋಡಿಗೆ ಕೈ ಹಾಕುತ್ತಾರೆ.

ಮನೆಫೋನಿನ ತಂತಿ ನೋಡಿಕೊಳ್ಳುವ ಈ ಕೆಲಸಕ್ಕೆ ಅವರು ಬಂದದ್ದು ಗುಂಡಿ ತೋಡುವ ಆಳಾಗಿ, ಮೀಸೆ ಮೂಡುವ ವಯಸ್ಸಿಗೆ. ಈಗ ಆ ಮೀಸೆ ಪೂರ್ತಿ ಬೆಳ್ಳಗಾಗಿದೆ, ಕೆಲಸ ಮಾತ್ರ ಇನ್ನೂ ಕಾಯಂ ಆಗಿಲ್ಲ. ಆಗೆಲ್ಲ ಫೋನಿಗೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಇವರು ತಂತಿಯ ಸುರುಳಿ ಹೆಗಲಿಗೇರಿಸಿ ಬೀದಿಗೆ ಬಂದರೆ ಮನೆಮನೆಯವರೂ ಕುರ್ಚಿ ಹಾಕಿ ಕೂರಿಸುತ್ತಿದ್ದರು. "ಮದುವೆ ಗಂಡಿಗೂ ಅಷ್ಟು ಮರ್ಯಾದೆ ಇರಲಿಲ್ಲ ಬಿಡಿ" ಅಂತ ನಗುತ್ತಾರೆ. ಹೆಂಡತಿ ಸುಮ್ಮನಿರುವವರಲ್ಲ. "ನನ್ನ ಮಾತಿಗೆ ಮಾತ್ರ ಇವರಿಗೆ ಕಿವಿ ಕೇಳಿಸಲ್ಲ. ತಂತಿ ಪಿಸುಗುಟ್ಟಿದ್ರೂ ಎದ್ದು ಓಡ್ತಾರೆ."

ಒಂದು ಕಾಲಕ್ಕೆ ಈ ಒಂದು ಗುಂಡಿಯಿಂದ ಆರುನೂರು ಮನೆಗಳಿಗೆ ಮಾತು ಹರಿಯುತ್ತಿತ್ತು. ಈಗ ಉಳಿದದ್ದು ನಲವತ್ತೂ ಇಲ್ಲ. ಮೇಲಿನವರು ಹೊಸ ಕೇಬಲ್ ಕೊಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತು. ಹಾಗಾಗಿ ಕೆಲಸದವರೇ ಒಂದು ದಾರಿ ಕಂಡುಕೊಂಡಿದ್ದಾರೆ. ಫೋನು ಬಿಟ್ಟವರ ತಂತಿ ಇಟ್ಟುಕೊಂಡವರಿಗೆ. ಒಬ್ಬರ ಮನೆಯ ತಂತಿ ಕೊಳೆತರೆ, ಬಿಟ್ಟುಹೋದವರ ಒಳ್ಳೆಯ ಜೋಡಿ ಹುಡುಕಿ ಅದಕ್ಕೆ ಕಟ್ಟುವುದು. ಯಾವುದು ಬಿಟ್ಟವರದ್ದು ಅಂತ ತಿಳಿಯುವುದು ಕಿವಿಯಿಂದ. ದನಿ ಇಲ್ಲದಿದ್ದರೆ ಖಾಲಿ.

ಹಿಂದಿನ ಮಳೆಗಾಲದಲ್ಲಿ ಹಾಗೇ ಒಂದು ಜೋಡಿ ಸುಮ್ಮನಿತ್ತು. ಬಟ್ಟೆ ಅಂಗಡಿಯವರು ಫೋನು ಸತ್ತಿದೆಯೆಂದು ತಲೆ ತಿನ್ನುತ್ತಿದ್ದರು. ತಂತಿಯಣ್ಣ ಆ ಜೋಡಿಯ ಮುಂದಿನ ತುಂಡನ್ನು ಅವರ ಲೈನಿಗೆ ಕಟ್ಟಿ ಮೇಲೆ ಬಂದರು. ಅದು ಬಿಟ್ಟವರದ್ದಾಗಿರಲಿಲ್ಲ. ಫೋನ್ ಎಕ್ಸ್‌ಚೇಂಜಿನ ಕಡೆಯ ಇನ್ನೊಂದು ಗುಂಡಿಯಲ್ಲಿ ನೀರು ತುಂಬಿ ಆ ಲೈನು ಅಂದೇ ಬೆಳಿಗ್ಗೆ ಸತ್ತಿತ್ತು, ನೀರಿಳಿದರೆ ಮತ್ತೆ ಜೀವ ಬರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಮಧ್ಯಾಹ್ನದೊಳಗೆ ದೂರು ಬರುತ್ತಿತ್ತು. ತೀರಾ ಅಗತ್ಯ ಬಿದ್ದರೆ ಹೊರತು ಆ ಮನೆಯಿಂದ ಹೊರಗೆ ಯಾರೂ ಫೋನು ಮಾಡುವುದಿಲ್ಲ. ಹೆಚ್ಚಾಗಿ ಬರುವ ಕರೆಗಾಗಿಯೇ ಅದು ಇರುವುದು.

ಅದು ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸಿನ ಮನೆ. ಮಗಳಿಗೆ ಮೂವತ್ತು ದಾಟಿದೆ, ಹುಟ್ಟಿನಿಂದ ಕಣ್ಣಿಲ್ಲ. ಹಿಂದಿನ ಕೋಣೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಾಳೆ. ತಾಯಿ ಬಿಡುವು ಸಿಕ್ಕಾಗಲೆಲ್ಲ ಕೆಲಸದ ಜಾಗದಿಂದ ಫೋನು ಮಾಡಿ ಮಗಳ ದನಿ ಕೇಳಿ ಇಡುತ್ತಾರೆ. ಅಂದು ಮಾಡಿದಾಗ ಗಂಟೆ ಹೊಡೆಯುತ್ತಲೇ ಇತ್ತು, ಮಗಳು ಎತ್ತಲಿಲ್ಲ. ತಂತಿ ತುಂಡಾಗಿದ್ದರೂ ಕರೆ ಮಾಡಿದವರ ಕಿವಿಗೆ ಗಂಟೆ ಕೇಳಿಸುತ್ತದೆ ಅನ್ನುವುದು ಆ ತಾಯಿಗೆ ಹೇಗೆ ಗೊತ್ತಿರಬೇಕು? ಕೈಯಲ್ಲಿದ್ದ ಒದ್ದೆ ಬಟ್ಟೆ ಬಿಸಾಕಿ ಓಡಿ ಬಂದರು. ಮಗಳು ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡು, ತೆವಳಿ ಬಂದು ಗೋಡೆಯ ಫೋನಿನ ಕೆಳಗೆ ಕೂತಿದ್ದಳು. "ಎತ್ತಿದೆ. ಕಲ್ಲು ಕಿವಿಗಿಟ್ಟ ಹಾಗಿತ್ತು" ಅನ್ನುತ್ತಾಳೆ ಅವಳು. ಆ ಕೈ ಸೊಟ್ಟಗೇ ಕೂಡಿಕೊಂಡಿದೆ. ಸೂಜಿಗೆ ದಾರ ಪೋಣಿಸಲು ಈಗ ಎರಡರಷ್ಟು ಹೊತ್ತು.

ಮರುದಿನ ತಂತಿಯಣ್ಣ ತಾವಾಗಿಯೇ ಹೋಗಿ ನಡೆದದ್ದನ್ನು ಹೇಳಿದರು. ತಾಯಿ ಬೈಯಲಿಲ್ಲ, ಆಫೀಸಿಗೆ ದೂರನ್ನೂ ಕೊಡಲಿಲ್ಲ. ಅದು ದೊಡ್ಡ ಮನಸ್ಸು ಅಂತ ಯಾರೂ ತಿಳಿಯಬೇಕಿಲ್ಲ. ಅವರು ಅಂದದ್ದಿಷ್ಟು: "ದೂರು ಕೊಟ್ರೆ ನಿಮ್ಮನ್ನ ತೆಗೀತಾರೆ. ಆಮೇಲೆ ಲೈನ್ ಕೆಟ್ಟಾಗ ಬರೋರು ಯಾರು?"

ಈಗ ಆ ಮನೆಯವರು ಹೊಸ ಫೋನು ಹುಡುಕುತ್ತಿದ್ದಾರೆ. ಮಳೆ ಬಂದಾಗಲೆಲ್ಲ ಸಾಯುವ ಹಳೆ ಲೈನಿನ ಬಾಡಿಗೆಯೂ ಏರಿದೆ. ಬೀದಿಯಲ್ಲಿ ಹೊಸ ಫೋನು ಮಾರುವ ಹೆಗಲಚೀಲದವರ ಸುಳಿದಾಟ ಜಾಸ್ತಿ. ಒಬ್ಬರು ಸಿಮ್ ಹಾಕುವ ಮೇಜಿನ ಫೋನು ತೋರಿಸುತ್ತಾರೆ, ಇನ್ನೊಬ್ಬರು ಫೈಬರ್ ಅನ್ನುವ ಗಾಜಿನ ಎಳೆಯ ಹೊಸ ಕೇಬಲ್ ಎಳೆಯುತ್ತೇವೆ ಅನ್ನುತ್ತಾರೆ. ಎಲ್ಲರದ್ದೂ ಅಗ್ಗ, ಎಲ್ಲರದ್ದೂ ಗಟ್ಟಿ. ಮೊಬೈಲು ಕೊಡಿಸಬಹುದಲ್ಲ ಅಂತ ಕೇಳಿದರೆ ಮಗಳಿಗೆ ನಗು. "ನುಣ್ಣಗಿರೋ ಗಾಜಿನ ಮೇಲೆ ಏನು ತಡವಲಿ? ಗುಂಡಿ ಇರೋದನ್ನೂ ತಂದ್ರು, ಅದನ್ನ ಹುಡುಕೋದೇ ಒಂದು ಕೆಲಸ ಆಯ್ತು. ಈ ಫೋನು ಇದ್ದಲ್ಲೇ ಇರುತ್ತೆ. ಐದರ ಮೇಲೊಂದು ಚುಕ್ಕೆ ಇದೆ ನೋಡಿ, ಅದು ಸಿಕ್ರೆ ಮಿಕ್ಕಿದ್ದೆಲ್ಲ ಸಿಕ್ಕ ಹಾಗೆ."

"ಯಾವುದು ತಗೊಳ್ಳಲಿ, ನೀವೇ ಹೇಳಿ" ಅಂತ ತಾಯಿ ತಂತಿಯಣ್ಣನನ್ನೇ ಕೇಳಿದ್ದಾರೆ. ಕೇಳಬಾರದವರನ್ನು ಕೇಳಿದಂತಾಯಿತು. ಕಂಟ್ರಾಕ್ಟರ್ ಇವರಿಗೆ ದುಡ್ಡು ಕೊಡುವುದು ಜೀವ ಇರುವ ಲೈನುಗಳ ಲೆಕ್ಕದಲ್ಲಿ. ಇನ್ನೊಂದೆರಡು ಮನೆ ಬಿಟ್ಟರೆ ಈ ಗುಂಡಿ ಮುಚ್ಚಿಬಿಡುತ್ತೇನೆ ಅಂತಲೂ ಹೇಳಿಯಾಗಿದೆ. ಹೆಂಡತಿ ಮನೆಯಲ್ಲಿ ನೇರವಾಗಿಯೇ ಅಂದಿದ್ದಾರೆ: "ಇರೋದನ್ನೇ ಇಟ್ಕೊಳ್ಳಿ ಅಂತ ಹೇಳಿ. ಅದರಲ್ಲಿ ಸುಳ್ಳೇನಿದೆ?"

ಸುಳ್ಳೇನೂ ಇಲ್ಲ. ತಾಮ್ರದ ತಂತಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಕರೆಂಟು ಬರುತ್ತದೆ. ಊರೆಲ್ಲ ಕತ್ತಲಾದರೂ ಆ ಫೋನು ಮಾತಾಡುತ್ತದೆ. ಹೊಸ ಕೇಬಲ್ಲಿಗೆ ಗೋಡೆಗೆ ಕೂರಿಸುವ ಡಬ್ಬಿ ಮನೆಯ ಕರೆಂಟಿನಿಂದ ನಡೆಯುವಂಥದ್ದು.

ತಾಯಿಯ ರಜೆಯ ದಿನ ಅವರ ಮನೆಯಲ್ಲಿ ಪರೀಕ್ಷೆ. ಸಿಮ್ಮಿನ ಫೋನನ್ನು ಎತ್ತಿಕೊಂಡು ತಂತಿಯಣ್ಣ ಮುಂದಿನ ಕೋಣೆಯಿಂದ ಹಿಂದಿನ ಕೋಣೆಗೆ ಮಾತಾಡುತ್ತಾ ನಡೆಯುತ್ತಾರೆ. ಹೊಸ್ತಿಲು ದಾಟುತ್ತಲೇ ಮಾತು ಹರಿದು ಹೋಗುತ್ತದೆ. ಅದು ಬೇಡ. ಆಮೇಲೆ ಪಕ್ಕದ ಮನೆಗೆ ಬಂದಿರುವ ಗಾಜಿನ ಕೇಬಲ್ಲಿನಿಂದ ಒಂದು ಎಳೆ ತಂದು, ಡಬ್ಬಿಯ ಮೂಲಕ ಮಗಳ ಫೋನಿಗೆ ಕೂಡಿಸುತ್ತಾರೆ. ಅದನ್ನು ಮಾರುವ ಹುಡುಗನೂ ಜೊತೆಗಿದ್ದಾನೆ. ದನಿ ಗಂಟೆ ಹೊಡೆದಷ್ಟು ಸ್ಪಷ್ಟ. ತಂತಿಯಣ್ಣ ಎದ್ದು ಹೋಗಿ ಮನೆಯ ಮೇನ್ ಸ್ವಿಚ್ಚು ಇಳಿಸಿಬಿಡುತ್ತಾರೆ.

"ಈಗ ಎತ್ತು ಮಗಳೇ."

"ಸತ್ತಿದೆ" ಅನ್ನುತ್ತಾಳೆ ಮಗಳು.

"ಅಂಕಲ್, ಮೇನ್ ಆಫ್ ಮಾಡಿ ಯಾರಾದ್ರೂ ಟೆಸ್ಟ್ ಮಾಡ್ತಾರಾ!"

"ಕರೆಂಟಿನವರು ಮಾಡ್ತಾರಲ್ಲಪ್ಪ, ವಾರಕ್ಕೆರಡು ಸಲ."

ಹುಡುಗ ತಲೆ ಕೆರೆದುಕೊಂಡು, ಡಬ್ಬಿಗೆ ಸೇರಿಸುವ ಸಣ್ಣ ಬ್ಯಾಟರಿಯೊಂದು ಬರುತ್ತದೆ, ನಾಲ್ಕು ಗಂಟೆ ತಾಳುತ್ತದೆ ಅನ್ನುತ್ತಾನೆ. ಅದಕ್ಕೆ ಬೇರೆ ದುಡ್ಡು. ಬಾಡಿಗೆಯೂ ಮೊದಲ ವರ್ಷ ಕಮ್ಮಿ, ಆಮೇಲೆ ಏರುತ್ತದೆ ಅಂತ ಕೇಳಿದ ಮೇಲೆ ಒಪ್ಪಿಕೊಳ್ಳುತ್ತಾನೆ. ಏರಿದರೂ ಹಳೆಯದಕ್ಕಿಂತ ಕಮ್ಮಿಯೇ.

"ಕೆಟ್ರೆ ಯಾರು ಬರ್ತಾರೆ?" ತಾಯಿಯ ಪ್ರಶ್ನೆ ಅದೊಂದೇ.

"ಒಂದು ನಂಬರ್ ಇದೆ ಆಂಟಿ, ಫೋನ್ ಮಾಡಿದ್ರೆ ಸಾಕು."

"ಕೆಟ್ಟ ಫೋನಿಂದಲೇ ಮಾಡ್ಬೇಕಾ?" ಅಂತ ಮಗಳು ಕೇಳುತ್ತಾಳೆ. ಹುಡುಗನಿಗೂ ನಗು ತಡೆಯಲಾಗುವುದಿಲ್ಲ. ತಾಯಿ ನಗುವುದಿಲ್ಲ. ಅವರು ತಂತಿಯಣ್ಣನ ಮುಖವನ್ನೇ ನೋಡುತ್ತಿದ್ದಾರೆ.

ತಂತಿಯಣ್ಣ ಕೈಯಲ್ಲಿನ ಇಕ್ಕಳ ಒರೆಸಿ ಚೀಲಕ್ಕೆ ಹಾಕುತ್ತಾರೆ. "ಬ್ಯಾಟರಿ ಸೇರಿಸಿ ಹೊಸದನ್ನೇ ತಗೊಳ್ಳಿ ಅಮ್ಮಾ. ಕರೆಂಟು ಹೋದ್ರೆ ಇದು ನಾಲ್ಕು ಗಂಟೆ ಬದುಕುತ್ತೆ. ಮಳೆ ಬಂದ್ರೆ ನಂದು ನಾಲ್ಕು ದಿನ ಸಾಯುತ್ತೆ. ಇನ್ನು ಅದನ್ನ ನಂಬಬೇಡಿ."

"ಮತ್ತೆ ನೀವು?"

"ನಾನೇನು, ಎಲ್ಲಾದ್ರೂ ಗುಂಡಿ ತೋಡ್ತೀನಿ. ತೋಡೋ ಕೆಲಸಕ್ಕೆ ಬರ ಇಲ್ಲ" ಅನ್ನುತ್ತಾರೆ. ಹೊಸ ಕಂಪನಿಯವರನ್ನು ಕೆಲಸ ಕೇಳಿಯಾಗಿದೆ. ಅವರಿಗೆ ಏಣಿ ಹತ್ತುವ ವಯಸ್ಸಿನವರು ಬೇಕಂತೆ.

ಆ ಮನೆಯ ಹಿಂದೆಯೇ ಇನ್ನೂ ಮೂರು ಮನೆಯವರು ಬಿಟ್ಟರು. ಮಗಳ ಗೋಡೆಯ ಫೋನು ಈಗ ಕರೆಂಟು ಹೋದಾಗಲೂ ಮಾತಾಡುತ್ತದೆ. ತಾಯಿ ಒಮ್ಮೆ ಕೆಲಸಕ್ಕೆ ರಜೆ ಹಾಕಿ, ಬ್ಯಾಟರಿ ಆರುವ ತನಕ ಪಕ್ಕದಲ್ಲೇ ಕೂತು ನೋಡಿದ್ದಾರೆ. ಬರುವ ತಿಂಗಳು ಗುಂಡಿಗೆ ಕಾಂಕ್ರೀಟು ತುಂಬುವುದೆಂದು ಗೊತ್ತಾಗಿದೆ. ತಂತಿಯಣ್ಣನ ಹೆಂಡತಿ ಎರಡು ಮನೆಯ ಪಾತ್ರೆ ತೊಳೆಯುವ ಕೆಲಸ ಹಿಡಿದಿದ್ದಾರೆ.

ಕಂಟ್ರಾಕ್ಟರನ ಹತ್ತಿರ ತಂತಿಯಣ್ಣ ಕೇಳಿಕೊಂಡಿರುವುದು ಇಷ್ಟೇ: ಕೇಬಲ್ ಕಡಿಯುವ ಮುಂಚೆ ಎರಡು ದಿನ ಬಿಡಬೇಕು, ಅದಕ್ಕೆ ಕೂಲಿ ಬೇಡ. ಕಂಟ್ರಾಕ್ಟರ್ ಇನ್ನೂ ಆಗಲಿ ಅಂದಿಲ್ಲ.

ಎರಡು ದಿನದಲ್ಲಿ ಏನು ಮಾಡುತ್ತೀರಿ ಅಂದರೆ, ಕೆಸರು ಮೆತ್ತಿದ ಕೈಯಿಂದ ಬೀದಿಯ ಉದ್ದಕ್ಕೂ ತೋರಿಸುತ್ತಾರೆ. "ದೂರು ಹೇಳೋರೆಲ್ಲ ಆಗಲೇ ಬಿಟ್ಟು ಹೋದ್ರು. ಉಳಿದಿರೋದು ಫೋನ್ ಸತ್ರೂ ದೂರು ಕೊಡದೇ ಇರೋರ ಮನೆ. ಕಿವಿ ನಂಬಿ ಒಂದ್ಸಲ ಕೆಟ್ಟಿದ್ದೀನಿ. ಈ ಸಲ ಒಂದೊಂದು ಬಾಗಿಲೂ ತಟ್ಟಿ, ನಾಳೆಯಿಂದ ಇದು ಹೊಡ್ಕೊಳ್ಳಲ್ಲ, ಬೇರೆ ಹಾಕಿಸ್ಕೊಳ್ಳಿ ಅಂತ ಬಾಯಲ್ಲೇ ಹೇಳಿ ಬರ್ತೀನಿ."