ಬಾವಿಯ ಪಕ್ಕ ಕಾಳಿಂಗ ಗೂಡು ಕಟ್ಟಿದ ಬೇಸಿಗೆ

ಗಂಡ ತೀರಿಕೊಂಡ ಮೇಲೆ ಮಲ್ಲಾಪುರದ ಕ್ವಾರ್ಟರ್ಸ್ ಬಿಡಬೇಕಾಯಿತು. ಅವರು ಅಲ್ಲಿ ಅಣುಸ್ಥಾವರದ ನೌಕರರ ಬಸ್ಸು ಓಡಿಸುತ್ತಿದ್ದರು, ನಿವೃತ್ತಿಗೆ ಇನ್ನೂ ಎರಡು ವರ್ಷ ಬಾಕಿಯಿತ್ತು. ಇಪ್ಪತ್ತಾರು ವರ್ಷ ನಾನು ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಬದುಕಿದವಳು. ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ನನ್ನ ಅಡುಗೆಮನೆಯಿಂದಲೇ ಲೆಕ್ಕ ಹಿಡಿಯುತ್ತಿದ್ದೆ. ಅಂಥವಳು ರಾಮನಗುಳಿಯಿಂದ ಒಳಗೆ, ಡಾಂಬರು ಮುಗಿದ ಮೇಲೂ ಅರ್ಧ ತಾಸು ನಡೆಯಬೇಕಾದ ಒಂದು ಗುಡ್ಡದ ಜಾಗಕ್ಕೆ ಒಬ್ಬಳೇ ಹೋಗಿ ನೆಲೆಸಿದೆ. ಎರಡು ಎಕರೆ ಗೇರುಮರ, ಒಂದು ಬಾವಿ, ಮಣ್ಣಿನ ಗೋಡೆಯ ಎರಡು ಕೋಣೆ. ನಿವೃತ್ತಿಯ ನಂತರ ಇಬ್ಬರೂ ಅಲ್ಲಿರುವುದೆಂದು ಅವರು ರಜೆ ರಜೆಗೆ ಹೋಗಿ ಕಟ್ಟಿಸಿದ್ದ ಮನೆ ಅದು.

ಮಗಳು ಕಾರವಾರದಲ್ಲಿದ್ದಾಳೆ. ನಾನು ಸಾಮಾನು ಕಟ್ಟುವಾಗ ಅವಳು ಬಾಗಿಲಲ್ಲಿ ನಿಂತು ಸಿಟ್ಟು ಮಾಡಿದಳು.

"ಆಯಿ, ಅಲ್ಲಿ ಬಿದ್ದು ಕೂಗಿದ್ರೂ ಯಾರಿಗೂ ಕೇಳೂದಿಲ್ಲ. ನಮ್ಮ ಮನೇಲಿ ಒಂದು ಕೋಣೆ ಖಾಲಿ ಅದ್ಯಲ್ಲ?"

ಖಾಲಿ ಇತ್ತು, ನಿಜ. ಆದರೆ ನನ್ನ ತವರು ಚೆಂಡಿಯಾ. ನೌಕಾನೆಲೆಗೆ ಜಾಗ ಹೋದಾಗ ನನ್ನ ಆಯಿಯನ್ನು ಪುನರ್ವಸತಿಯ ಹೊಸ ಮನೆಗೆ ಕರೆದುಕೊಂಡು ಹೋದವಳು ನಾನೇ. ಆ ಮನೆಯಲ್ಲಿ ಎರಡು ಮಳೆಗಾಲ ಕಳೆದರೂ ಅವಳು ಪಾತ್ರೆಯ ಚೀಲ ಬಿಚ್ಚಿರಲಿಲ್ಲ. ಕೇಳಿದರೆ, "ಇಲ್ಲಿಂದ್ಲೂ ಏಳಿ ಅಂದ್ರೆ?" ಎನ್ನುತ್ತಿದ್ದಳು. ಕಾರವಾರದ ಆ ಕೋಣೆಯಲ್ಲಿ ನಾನೂ ಚೀಲ ಬಿಚ್ಚದೆ ಕೂರುತ್ತೇನೆಂದು ನನಗೆ ಅನಿಸಿತ್ತು. ಮಗಳಿಗೆ ಹಾಗೆ ಹೇಳಲಾಗಲಿಲ್ಲ.

ಮೊದಲ ತಿಂಗಳುಗಳಲ್ಲಿ ಹೆದರದ ದಿನವೇ ಇರಲಿಲ್ಲ. ಹಂಚಿನ ಮೇಲೆ ಮಂಗ ಧುಮುಕಿದರೆ ಕೈಯಲ್ಲಿದ್ದ ಲೋಟ ಬೀಳುತ್ತಿತ್ತು. ಹಗಲು ಹನ್ನೊಂದು ಗಂಟೆಗೆ, ಗಾಳಿಯೂ ಇಲ್ಲದ ಹೊತ್ತಿನಲ್ಲಿ, ಗೇರುಮರದ ಒಂದು ಎಲೆ ಕೆಳಗಿನ ಎಲೆಗಳ ಮೇಲೆ ಬಿದ್ದರೂ ಯಾರೋ ನಡೆದು ಬಂದ ಹಾಗೆ ಕೇಳುತ್ತಿತ್ತು. ಆದರೂ ದಿನದ ಕೆಲಸ ನನ್ನನ್ನು ಎಳೆದುಕೊಂಡು ಹೋಗುತ್ತಿತ್ತು. ಒಲೆ ಹಚ್ಚಿ ಗಂಜಿಗೆ ಇಡುವುದು, ಎರಡು ಕೋಳಿಗಳನ್ನು ಬುಟ್ಟಿಯಿಂದ ಬಿಡುವುದು, ಬಾವಿಯಿಂದ ನೀರು ಸೇದಿ ಹದಿನಾಲ್ಕು ತೆಂಗಿನ ಸಸಿಗಳಿಗೆ ಹೊಯ್ಯುವುದು. ಅವರು ಹೋಗುವ ಹಿಂದಿನ ಮಳೆಗಾಲದಲ್ಲಿ ನಾವಿಬ್ಬರೂ ಸೇರಿ ನೆಟ್ಟ ಸಸಿಗಳು ಅವು.

ಏಪ್ರಿಲ್ ಅರ್ಧವಾಗಿತ್ತು. ಬೆಳಿಗ್ಗೆ ಒಂಬತ್ತರ ಬಿಸಿಲಲ್ಲಿ ನೀರು ಸೇದುತ್ತಿದ್ದೆ. ಬೆನ್ನ ಹಿಂದೆ ಬಿದಿರ ಮೆಳೆಯ ಕಡೆಯಿಂದ ಸರಸರ ಸದ್ದು. ಒಮ್ಮೆ ಬಂದು ನಿಂತಿತು. ಮತ್ತೆ ಬಂತು. ಯಾರೋ ಒಣ ಎಲೆ ಗುಡಿಸುತ್ತಿರುವ ಹಾಗಿತ್ತು. ಅಲ್ಲಿ ಗುಡಿಸುವವರು ಯಾರು? ತಿರುಗಿ ನೋಡಿದೆ. ಬಿದಿರೆಲೆಯ ಒಂದು ಸಣ್ಣ ಗುಪ್ಪೆ ತಾನಾಗಿಯೇ ನೆಲದ ಮೇಲೆ ಸರಿಯುತ್ತಿತ್ತು. ಅದು ತಾನಾಗಿ ಸರಿಯುತ್ತಿಲ್ಲ, ಅದರ ಸುತ್ತ ನನ್ನ ತೋಳಿನಷ್ಟು ದಪ್ಪದ ಬೂದು ಮೈಯೊಂದು ಬಳಸಿಕೊಂಡಿದೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅದರ ತಲೆ ಎದ್ದಿತು, ನನ್ನ ಕಡೆಗೇ.

ಹಗ್ಗ ಕೈಯಿಂದ ಜಾರಿತು. ಕೊಡಪಾನ ಬಾವಿಗೆ ಬಿದ್ದ ಸದ್ದು ಎಷ್ಟು ದೊಡ್ಡದಿತ್ತೆಂದರೆ ನಾನೇ ಬಿದ್ದೆನೇನೋ ಎನಿಸಿತು. ಓಡಲಾಗಲಿಲ್ಲ. ಹಿಂದಕ್ಕೆ ಒಂದೊಂದೇ ಹೆಜ್ಜೆ ಇಡುತ್ತ ಅಂಗಳಕ್ಕೆ ಬಂದೆ. ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು, ಬಾಗಿಲಿನ ಕೆಳಗಿನ ಸಂದಿಗೆ ಹಳೆಯ ಸೀರೆ ತುರುಕಿದೆ.

ನೆರೆಯವರೆಂದರೆ ಹಳ್ಳದಾಚೆ ಒಂದೇ ಮನೆ. ಅಲ್ಲಿಯ ಅಕ್ಕ ಅರವತ್ತು ದಾಟಿದವಳು, ತನ್ನದೊಂದು ತುಂಡು ಗದ್ದೆಯ ಜೊತೆಗೆ ಅವರಿವರ ತೋಟಕ್ಕೂ ಕೂಲಿಗೆ ಹೋಗುವವಳು. ಮಧ್ಯಾಹ್ನ ನಾನು ಫೋನು ಮಾಡಿದ ಮೇಲೆ ಕತ್ತಿ ಹಿಡಿದುಕೊಂಡು ಬಂದಳು. ದೂರದಿಂದಲೇ ಮೆಳೆಯನ್ನು ನೋಡಿ ಕತ್ತಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೈ ಮುಗಿದಳು.

"ಕಾಳಿಂಗನೇ ತಂಗಿ. ಮೊಟ್ಟಿ ಇಡೂಕೆ ಮನಿ ಕಟ್ತಾ ಅದೆ. ಬೇರೆ ಹಾವಿನ ಹಂಗಲ್ಲ ಇದು, ಮೊಟ್ಟಿ ಕಾಯ್ತಾ ಕೂಡ್ತದೆ."

"ಈಗ ಎಂತ ಮಾಡೂದು ಅಕ್ಕ?"

"ಕೈ ಮುಗಿಯೂದು." ಆಮೇಲೆ ದನಿ ತಗ್ಗಿಸಿದಳು. "ಇಲ್ದಿದ್ರೆ ಚಿಮಣಿ ಎಣ್ಣಿ ಹೊಯ್ದು ಬೆಂಕಿ ಕೊಡೂದು. ನಾ ಹೇಳ್ದೆ ಅಂತ ಯಾರ ಹತ್ರನೂ ಹೇಳ್ಬೇಡ ಮತ್ತೆ."

ನಾನು ಫೋನಿನಲ್ಲಿ ತಿಳಿಸಿದ ಮೇಲೆ ಮರುದಿನ ಅರಣ್ಯ ಇಲಾಖೆಯ ಗಾರ್ಡ್ ಬಂದರು. ನಲವತ್ತೈದರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಮೆಳೆಯ ಹತ್ತಿರ ಹೋಗಿ ಬಹಳ ಹೊತ್ತು ನಿಂತು ಬಂದು, ಜಗಲಿಯಲ್ಲಿ ಕೂತು ನೀರು ಕೇಳಿದರು.

"ಮೊಟ್ಟೆ ಇಟ್ಟಾಗದೆ ಅಮ್ಮ. ಈಗ ತಾಯಿಯನ್ನ ಹಿಡಿದು ಬೇರೆ ಕಡೆ ಬಿಟ್ರೆ ಮೊಟ್ಟೆ ಹಾಳು. ಎಂಬತ್ತು ತೊಂಬತ್ತು ದಿನ ತಡ್ಕೊಳ್ಬೇಕು. ಅಲ್ಲೀವರೆಗೆ ನೀವು ಮಕ್ಕಳ ಮನೆಗೋ ನೆಂಟರ ಮನೆಗೋ ಹೋಗಿಬಿಡಿ."

"ಕಚ್ಚಿದ್ರೆ?"

ಅವರು ನನ್ನ ಮುಖ ನೋಡಲಿಲ್ಲ. "ಇದ್ರ ವಿಷಕ್ಕೆ ನಮ್ಮ ಕಡೆ ಮದ್ದು ಸಿಗೂದಿಲ್ಲ. ಅದ್ಕೇ ಹೋಗಿ ಅಂದಿದ್ದು."

ಹೋದೆ. ಕೋಳಿಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಕಾರವಾರಕ್ಕೆ ಹೋಗಿ ನಾಲ್ಕು ದಿನ ಇದ್ದೆ. ಮಗಳು ಬಂಗಡೆ ಸಾರು ಮಾಡಿ ಬಡಿಸಿದಳು. ಆದರೆ ಆ ನಾಲ್ಕು ದಿನವೂ ನಾನು ಸಸಿಗಳ ಬುಡದ ಮಣ್ಣು ಬಿರಿಯುವುದನ್ನೇ ನೆನೆಯುತ್ತಿದ್ದೆ. ಅಕ್ಕನಿಗೆ ನೀರು ಹಾಕು ಎನ್ನುವುದಾದರೂ ಹೇಗೆ? ಅದೇ ಬಾವಿ, ಅದೇ ಹಾವು, ಅವಳದೂ ಜೀವವೇ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಈಗ ಮೂರು ತಿಂಗಳು ಇಲ್ಲೇ ಕೂತರೆ ಮತ್ತೆ ಅತ್ತ ಹೋಗುವ ಧೈರ್ಯ ನನಗೆ ಬರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಐದನೆಯ ದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಮಗಳು ಬಸ್‌ಸ್ಟ್ಯಾಂಡಿಗೆ ಬರಲಿಲ್ಲ.

ಬಾವಿಗೂ ಗೂಡಿಗೂ ನಡುವೆ ಇಪ್ಪತ್ತೆರಡು ಹೆಜ್ಜೆ. ರಾಟೆ ಇದ್ದ ಕಡೆ ನಿಂತರೆ ಬೆನ್ನು ಮೆಳೆಗೆ ಆಗುತ್ತಿತ್ತು. ಬೆನ್ನು ಕೊಟ್ಟು ನಿಲ್ಲಲು ನನ್ನಿಂದ ಸಾಧ್ಯವೇ ಆಗಲಿಲ್ಲ. ಹಾಗಾಗಿ ಎದುರು ಕಡೆ, ರಾಟೆಯಿಲ್ಲದ ಕಡೆ ನಿಂತು, ಕಟ್ಟೆಯ ಕಲ್ಲಿಗೆ ಹಗ್ಗ ಉಜ್ಜುತ್ತ ಬರಿಗೈಯಲ್ಲಿ ಎಳೆಯುತ್ತಿದ್ದೆ. ಕಣ್ಣು ಮೆಳೆಯ ಮೇಲೆ, ಕೈ ಹಗ್ಗದ ಮೇಲೆ. ವಾರದೊಳಗೆ ಎರಡೂ ಅಂಗೈಯ ಚರ್ಮ ಎದ್ದಿತು. ಗೂಡು ಅಷ್ಟರಲ್ಲಿ ಮೊಣಕಾಲೆತ್ತರ ಬೆಳೆದಿತ್ತು. ಹಾವು ಅದರ ಮೇಲೆ ಸುರುಳಿ ಸುತ್ತಿಕೊಂಡು ಮಲಗಿರುತ್ತಿತ್ತು, ಕೆಲವು ದಿನ ಪಕ್ಕದಲ್ಲಿ. ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತು. ಕಾಣದಿದ್ದರೆ ಅಲ್ಲೇ ನಿಂತು ಕಾಣುವವರೆಗೆ ಹುಡುಕುತ್ತಿದ್ದೆ. ಕಾಲು ಜೋರಾಗಿ ಅಪ್ಪಳಿಸಿ ನಡೆಯಿರಿ ಎಂದು ಗಾರ್ಡ್ ಹೇಳಿದ್ದರು. ಐವತ್ತನಾಲ್ಕು ವರ್ಷದ ನಾನು ಪಾಯಖಾನೆಗೆ ಹೋಗುವಾಗಲೂ ಧಪಧಪ ಕಾಲು ಬಡಿಯುತ್ತ ಹೋಗುತ್ತಿದ್ದೆ. ಸ್ನಾನ ಮಾಡುವಾಗ ಬಚ್ಚಲಿನ ಬಾಗಿಲು ತೆರೆದಿಟ್ಟುಕೊಳ್ಳುತ್ತಿದ್ದೆ. ಮುಚ್ಚಿದರೆ ಆಚೆ ಏನಿದೆಯೋ ತಿಳಿಯುತ್ತಿರಲಿಲ್ಲ. ತಲೆಗೆ ನೀರು ಹೊಯ್ದುಕೊಳ್ಳುವಾಗ ಕಣ್ಣು ಮುಚ್ಚಬೇಕಲ್ಲ, ಆ ಒಂದು ಕ್ಷಣಕ್ಕೇ ಹೆದರಿ ಹದಿನೈದು ದಿನ ತಲೆಸ್ನಾನ ಬಿಟ್ಟಿದ್ದೆ.

ಹೆದರಿಕೆ ಒಂದು ದಿನ ಇದ್ದು ಹೋದರೆ ತಡೆಯಬಹುದು. ಪ್ರತಿದಿನ ಬೆಳಿಗ್ಗೆ ಅದೇ ಬಾವಿಗೆ ಹೋಗಬೇಕೆಂದರೆ ಮನುಷ್ಯ ಬೇರೆಯೇ ಆಗುತ್ತಾನೆ. ಮೇ ತಿಂಗಳ ಮೂರನೇ ವಾರ ಇರಬೇಕು. ಊಟದ ಹೊತ್ತು. ಗೂಡಿನ ಮೇಲೆ ಹಾವು ಕಾಣಲಿಲ್ಲ. ಮತ್ತೆ ಮತ್ತೆ ನೋಡಿದೆ, ಇಲ್ಲ. ಬೇಟೆಗೆ ಹೋಗಿರಬೇಕು ಎಂದುಕೊಂಡೆ. ಒಳಗೆ ಹೋಗಿ ಚಿಮಣಿ ಎಣ್ಣೆಯ ಡಬ್ಬಿ ಮತ್ತು ಬೆಂಕಿಪೆಟ್ಟಿಗೆ ತೆಗೆದುಕೊಂಡು ಹೊರಟೆ. ಆ ದಿನ ಮಾತ್ರ ಕಾಲು ಅಪ್ಪಳಿಸಲಿಲ್ಲ, ಮೆತ್ತಗೆ ಹೋದೆ. ಒಣಗಿದ ಬಿದಿರೆಲೆ, ಒಂದೇ ಕಡ್ಡಿ ಸಾಕು ಎಂಬುದೊಂದೇ ತಲೆಯಲ್ಲಿತ್ತು.

ಐದಾರು ಹೆಜ್ಜೆ ಉಳಿದಿತ್ತು. ಗೂಡಿನ ಹಿಂದಿನಿಂದ ಅದು ಎದ್ದಿತು. ಎದ್ದು, ಇನ್ನೂ ಎದ್ದು, ನನ್ನ ಎದೆಯ ಮಟ್ಟಕ್ಕೆ ಬಂದು ನಿಂತಿತು. ಹೆಡೆ ಅಗಲವಾಗಿರಲಿಲ್ಲ, ಸಪೂರ, ಉದ್ದ. ಅದು ಬುಸುಗುಟ್ಟಲಿಲ್ಲ. ಕಟ್ಟಿಹಾಕಿದ ನಾಯಿ ಹಲ್ಲು ಕಚ್ಚಿ ಗುರುಗುಟ್ಟುವ ಹಾಗೆ ತಗ್ಗಿದ ದನಿ ತೆಗೆಯಿತು. ಹಾವಿಗೆ ಅಂಥ ದನಿಯಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ದೇವರು ನೆನಪಾಗಲಿಲ್ಲ, ಗಂಡನೂ ನೆನಪಾಗಲಿಲ್ಲ. ನನ್ನ ಕಾಲಿನ ಮೇಲೆ ಬಿಸಿಯಾಗಿ ಏನೋ ಇಳಿಯುತ್ತಿದೆ ಎಂಬುದು ಮಾತ್ರ ಗೊತ್ತಾಯಿತು. ಎಷ್ಟು ಹೊತ್ತು ನಿಂತೆನೋ ಹೇಳಲಾರೆ. ಒಂದು ಹೊತ್ತಿಗೆ ಅದು ತಲೆಯನ್ನು ಒಂದು ಗೇಣು ಇಳಿಸಿತು. ನಾನು ಒಂದು ಹೆಜ್ಜೆ ಹಿಂದೆ ಇಟ್ಟೆ. ಅದು ಇನ್ನೊಂದು ಗೇಣು ಇಳಿಸಿತು. ಹಾಗೆ ಹಿಂದೆ ಹಿಂದೆ ಸರಿದು ಅಂಗಳ ಮುಟ್ಟಿ, ಜಗಲಿಯ ಕಂಬ ಹಿಡಿದು ಕೂತೆ. ಡಬ್ಬಿ ಅಲ್ಲೇ ಬಿದ್ದಿತ್ತು. ಒದ್ದೆಯಾದ ಸೀರೆಯನ್ನು ಬದಲಾಯಿಸಲೂ ಏಳದೆ ಸಂಜೆಯವರೆಗೆ ಅಲ್ಲೇ ಕೂತಿದ್ದೆ.

ನಾಲ್ಕು ದಿನ ಬಿಟ್ಟು ಗಾರ್ಡ್ ಬಂದಾಗ ಡಬ್ಬಿ ಅವರ ಕಣ್ಣಿಗೆ ಬಿತ್ತು. ಉದ್ದದ ಕೋಲಿನಿಂದ ಎಳೆದು ತಂದು ಜಗಲಿಯ ಮೇಲೆ ಇಟ್ಟರು.

"ಯಾರ್ದು ಇದು?"

ಅಕ್ಕನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. "ನಂದೇ," ಅಂದೆ.

ಬೈಯುತ್ತಾರೆ, ಕೇಸು ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ಡಬ್ಬಿಯ ಮುಚ್ಚಳ ಬಿಗಿ ಮಾಡಿದರು. "ಎಷ್ಟು ಹತ್ರ ಹೋಗಿದ್ರಿ?"

"ಐದಾರು ಹೆಜ್ಜೆ."

"ನಾನು ಇಷ್ಟು ವರ್ಷದಲ್ಲಿ ಅಷ್ಟು ಹತ್ರ ಹೋಗ್ಲಿಲ್ಲ ಅಮ್ಮ. ಹೋಗೂದೂ ಇಲ್ಲ." ಆಮೇಲೆ ರಾಟೆಯ ಕಂಬ ಕಿತ್ತು, ನಾನು ನಿಲ್ಲುತ್ತಿದ್ದ ಕಡೆಗೆ ಹುಗಿದು ಕೊಟ್ಟು ಹೋದರು. ನನಗೆ ಅದು ಹೊಳೆದೇ ಇರಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಸಸಿಗೆ ನೀರು ಹೊಯ್ಯುವ ಕೆಲಸ ತಪ್ಪಿತು. ಕುಡಿಯಲು, ಅಡುಗೆಗೆ ಎರಡು ಕೊಡ ಸೇದಿದರೆ ಸಾಕಾಗುತ್ತಿತ್ತು. ಹಾವು ಅಷ್ಟು ಮಳೆಯಲ್ಲೂ ಏಳಲಿಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಇದ್ದಲ್ಲೇ ಇದೆ ಎಂದು ಕಂಡ ಮೇಲೆ ಒಲೆ ಹಚ್ಚುತ್ತಿದ್ದೆ.

ಜುಲೈ ಮೊದಲ ವಾರದ ಒಂದು ಬೆಳಿಗ್ಗೆ ಅದು ಇರಲಿಲ್ಲ. ಮಧ್ಯಾಹ್ನವೂ ಇಲ್ಲ, ಮರುದಿನವೂ ಇಲ್ಲ. ಮೊಟ್ಟೆ ಒಡೆಯುವ ಮೊದಲು ತಾಯಿ ಹೊರಟು ಹೋಗುತ್ತದೆ ಎಂದು ಗಾರ್ಡ್ ಹೇಳಿ, ಗೂಡಿನ ಸುತ್ತ ಸಣ್ಣ ಕಣ್ಣಿನ ಬಲೆ ಕಟ್ಟಿಸಿದರು. ನನಗೆ ಸಮಾಧಾನ ಆಗಬೇಕಿತ್ತು. ಆಗಿದ್ದು ಉಲ್ಟಾ. ಅಲ್ಲಿದ್ದಾಗ ಅದು ಅಲ್ಲಿ ಮಾತ್ರ ಇತ್ತು. ಈಗ ಕಟ್ಟಿಗೆ ರಾಶಿಯಲ್ಲಿ, ಕೋಳಿಬುಟ್ಟಿಯ ಹಿಂದೆ, ಅಕ್ಕಿ ಡಬ್ಬದ ಬದಿಯಲ್ಲಿ, ಎಲ್ಲ ಕಡೆಯೂ ಇತ್ತು. ಹಾಸಿಗೆಯ ಚಾದರವನ್ನು ದಿನಕ್ಕೆ ಮೂರು ಸಲ ಕೊಡವುತ್ತಿದ್ದೆ. ಆ ಹನ್ನೆರಡು ದಿನ ನಾನು ಸರಿಯಾಗಿ ಉಣ್ಣಲಿಲ್ಲ.

ಮೊಟ್ಟೆ ಒಡೆದು ಮರಿಗಳು ಬಂದವು. ಕಪ್ಪು ಮೈ, ಬಿಳಿ ಪಟ್ಟೆ, ಎರಡು ಗೇಣು ಉದ್ದ. ಗಾರ್ಡ್ ಮತ್ತು ಅವರ ಜೊತೆಗೆ ಬಂದ ಇಬ್ಬರು ಒಂದೊಂದನ್ನೇ ಹಿಡಿದು ಬಟ್ಟೆಯ ಚೀಲಕ್ಕೆ ಹಾಕಿ, ಮೇಲಿನ ಕಾಡಿಗೆ ಬಿಡಲು ಒಯ್ದರು. ಎಲ್ಲ ಸಿಕ್ಕವು ಎಂದರು.

ಎಲ್ಲ ಸಿಕ್ಕಿರಲಿಲ್ಲ. ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋದರೆ ಸಾಬೂನಿನ ಕಲ್ಲಿನ ಪಕ್ಕ ಒಂದು ಕೂತಿತ್ತು. ಅಷ್ಟು ಸಣ್ಣದು, ಆದರೂ ಹೆಡೆ ಎತ್ತಿತು. ಕೈಗೆ ಸಿಕ್ಕಿದ್ದು ಪ್ಲಾಸ್ಟಿಕ್ ಬಕೆಟ್ಟು. ಬೋರಲು ಹಾಕಿದೆ. ಮೇಲೆ ಒಗೆಯುವ ಕಲ್ಲನ್ನು ಇಟ್ಟೆ. ಆ ಕಲ್ಲನ್ನು ಈಗ ಎತ್ತಲು ಹೋದರೆ ನನ್ನಿಂದ ಆಗುವುದಿಲ್ಲ. ಗಾರ್ಡಿಗೆ ಫೋನು ಮಾಡಿದೆ, ಅಂಕೋಲೆಯಿಂದ ಬರಬೇಕು, ಎರಡು ತಾಸು ಆಗುತ್ತದೆ ಎಂದರು. ಬಿಟ್ಟು ಹೋಗಲು ಹೆದರಿಕೆ, ಕೂರಲೂ ಹೆದರಿಕೆ. ಬಚ್ಚಲಿನ ಹೊಸ್ತಿಲಿನ ಮೇಲೆ ಬಕೆಟ್ಟನ್ನೇ ನೋಡುತ್ತ ಕೂತೆ. ಒಳಗಿಂದ ಆಗಾಗ ಪ್ಲಾಸ್ಟಿಕ್ಕಿಗೆ ಟಕ್ ಎಂದು ಬಡಿಯುವ ಸದ್ದು ಬರುತ್ತಿತ್ತು.

ಅಕ್ಕ ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲೇ ಬಂದಳು. ವಿಷಯ ತಿಳಿದ ಮೇಲೆ ಓಡಿಹೋಗುತ್ತಾಳೆ ಎಂದುಕೊಂಡೆ. ನನ್ನ ಪಕ್ಕದಲ್ಲೇ ಒತ್ತಿ ಕೂತಳು.

"ಕಲ್ಲು ಇನ್ನೊಂದು ಇಡೂನಾ?"

"ಸಾಕು ಅಕ್ಕ, ಬಕೆಟ್ ಒಡೀತದೆ."

"ನಿಂಗೆ ಕೊಲ್ಲೂಕೆ ಮನಸ್ ಬರ್ಲಿಲ್ವಾ? ಒಂದು ಹೊಡ್ತಕ್ಕೆ ಆಗ್ತಿತ್ತು."

"ಕೈ ಎತ್ತೂಕೇ ಆಗ್ಲಿಲ್ಲ. ಹೆದ್ರಿಕೆ."

"ನಂಗೂ ಹೆದ್ರಿಕೆನೇ ಮಾರಾಯ್ತಿ. ನಿನ್ ಮನಿಗೆ ಬರೂದೇ ಬಿಟ್ಟಿದ್ದೆ, ನೋಡಿರ್ಬೇಕು ನೀನು. ಇಂದು ಬಂದದ್ದು ಒಂದು ಕೆಲ್ಸಕ್ಕೆ. ನಾಳೆ ನಮ್ಮ ಗದ್ದಿಗೆ ನಾಟಿ. ಜನ ಸಾಲೂದಿಲ್ಲ. ಬತ್ಯಾ?"

ಆ ಊರಿಗೆ ಬಂದು ಎಂಟು ತಿಂಗಳಾಗಿತ್ತು. ಅಲ್ಲಿಯವರೆಗೆ ಯಾರೂ ನನ್ನನ್ನು ಯಾವುದಕ್ಕೂ ಕರೆದಿರಲಿಲ್ಲ. ಬಕೆಟ್ಟಿನಿಂದ ಕಣ್ಣು ತೆಗೆಯದೆ ಹೂಂ ಅಂದೆ. ಗಾರ್ಡ್ ಬಂದು ಮರಿಯನ್ನು ಒಯ್ದಾಗ ಹನ್ನೊಂದು ಗಂಟೆ ದಾಟಿತ್ತು.

ನಾಟಿಗೆ ಹೋದೆ. ಚೆಂಡಿಯಾದ ಗದ್ದೆ ಬಿಟ್ಟ ಮೇಲೆ ನಾನು ಕೆಸರಿಗೆ ಕಾಲಿಟ್ಟಿರಲಿಲ್ಲ. ಐದು ಹೆಂಗಸರು ಆಗಲೇ ಸಾಲಾಗಿ ಬಗ್ಗಿದ್ದರು. ನಾನು ಬದುವಿನ ಮೇಲೆ ಸೀರೆ ಎತ್ತಿ ಕಟ್ಟಿ ನಿಂತೇ ಇದ್ದೆ. ನೀರು ಕೆಂಪಾಗಿತ್ತು, ಒಳಗೆ ಏನಿದೆಯೋ ಒಂದಿಷ್ಟೂ ಕಾಣುತ್ತಿರಲಿಲ್ಲ. "ಇಳಿಯೇ, ಹೊತ್ತಾಯ್ತು," ಎಂದು ಅಕ್ಕ ಸಸಿಯ ಕಟ್ಟೊಂದನ್ನು ನನ್ನ ಕಡೆ ಎಸೆದಳು. ಹಿಡಿದುಕೊಂಡೆ. ಎದೆ ಹೊಡೆದುಕೊಳ್ಳುತ್ತಿರುವಂತೆಯೇ ಬಲಗಾಲನ್ನು ಇಳಿಸಿದೆ, ಮೊಣಕಾಲಿನವರೆಗೆ ತಣ್ಣಗೆ ಹೂತುಕೊಂಡಿತು, ಆಮೇಲೆ ಎಡಗಾಲು.