ತಾರೀಖು ಮುಂದಕ್ಕೆ ಹೋದ ದಿನ

ಡಿಸೆಂಬರ್ ಮೂರನೆಯ ವಾರ. ಬಂಗಾಳ ಕೊಲ್ಲಿಯಲ್ಲಿ ಎಲ್ಲೋ ಎದ್ದ ಗಾಳಿಗೆ ಮೂರು ದಿನದಿಂದ ಹುಬ್ಬಳ್ಳಿಯಲ್ಲಿ ಸೂರ್ಯ ಕಂಡಿರಲಿಲ್ಲ. ದೇಶಪಾಂಡೆ ನಗರದ ನನ್ನ ಬಾಡಿಗೆ ಕೋಣೆಯಲ್ಲಿ ಒಗೆದ ಬಟ್ಟೆಗಳು ಒಣಗದೆ ಮುಗ್ಗಲು ವಾಸನೆ ಹಿಡಿದಿದ್ದವು. ಹಸಿಯಿದ್ದ ರವಿಕೆಗೇ ಇಸ್ತ್ರಿ ಹಾಕಿ ತೊಟ್ಟುಕೊಂಡು ಧಾರವಾಡದ ಬಸ್ಸು ಹತ್ತಿದೆ. ಅಂದು ನಮ್ಮ ವಿಚ್ಛೇದನದ ಕೊನೆಯ ತಾರೀಖು.

ನನ್ನ ಗಂಡ ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಆತನ ಅಜ್ಜ ಹೆಡ್‌ಮಾಸ್ತರು, ಅಪ್ಪ ಹೆಡ್‌ಮಾಸ್ತರು. ಧಾರವಾಡದ ಅವರ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತನಾಡುವವರು. ಆ ಮೆಲುದನಿಯಲ್ಲೇ ಅತ್ತೆ ನನ್ನ ಅಡುಗೆ, ನನ್ನ ಮಾತು, ಕಮರಿಪೇಟೆಯ ನನ್ನ ತವರು ಎಲ್ಲವನ್ನೂ ಹನ್ನೊಂದು ವರ್ಷ ತೂಗಿ ನೋಡಿದರು. ಅವರು ತೂಗುವಾಗ ಆತ ಪೇಪರು ಓದುತ್ತಿದ್ದ. ನನ್ನ ಅಪ್ಪ ತೀರಿಕೊಂಡಾಗ ಧಾರವಾಡದಿಂದ ಹುಬ್ಬಳ್ಳಿಗೆ ಬರಲು ಆತನಿಗೆ ಮೂರು ದಿನ ಹಿಡಿಯಿತು. “ಅವ್ವಂದು ಬಿ.ಪಿ. ಏರಿತ್ತು” ಎಂದ. ನಾನು ಜಗಳವಾಡಲಿಲ್ಲ. ಹದಿಮೂರನೆಯ ದಿನ ಮುಗಿದ ಮೇಲೂ ಧಾರವಾಡಕ್ಕೆ ಹೋಗಲಿಲ್ಲ, ಅಷ್ಟೇ.

ಕೋರ್ಟಿನಲ್ಲಿ ಎರಡು ತಾಸು ಕೂತ ಮೇಲೆ ವಕೀಲರು ಬಂದು, “ಜಡ್ಜ್ ಸಾಹೇಬ್ರು ಇವತ್ತ ರಜಾ ಅದಾರ್ರಿ. ಫೆಬ್ರುವರಿಗೆ ತಾರೀಖು ಕೊಟ್ಟಾರ” ಎಂದರು. ಹೊರಗೆ ಬರುವಷ್ಟರಲ್ಲಿ ಮಳೆ ಜೋರಾಯಿತು. ರಸ್ತೆಯಾಚೆ ತಗಡು ಹೊದಿಸಿದ ಒಂದು ಚಹಾದಂಗಡಿ ಬಿಟ್ಟರೆ ನಿಲ್ಲಲು ಜಾಗವಿರಲಿಲ್ಲ. ಓಡಿಹೋಗಿ ನೋಡಿದರೆ ಆತ ಮೊದಲೇ ಅಲ್ಲಿದ್ದ. ನಾನು ತಗಡಿನ ಅಂಚಿನಲ್ಲಿ, ಅರ್ಧ ನೆನೆಯುತ್ತ, ಬೇರೆ ಕಡೆ ಮುಖ ಮಾಡಿ ನಿಂತೆ.

ಅಂಗಡಿಯ ಮುದುಕಿ ಆತನಿಗೆ ಗದರಿದಳು. “ಏನ್ ಸರ, ಹೆಂಡ್ತೀನ್ನ ಮಳ್ಯಾಗ ನಿಲ್ಲಿಸಿ ನೀವೊಬ್ರ ಒಲಿ ಮುಂದ ಕುಂತೀರಲ್ಲ? ಒಳಗ ಕರೀರಿ.”

ಒಬ್ಬರನ್ನೊಬ್ಬರು ನೋಡದೆ ನಿಂತ ರೀತಿಯಿಂದಲೇ ನಾವು ಗಂಡ-ಹೆಂಡತಿ ಎಂದು ಆಕೆಗೆ ತಿಳಿದಿರಬೇಕು. ಆತ ಬೆಂಚಿನಲ್ಲಿ ಸರಿದು, “ಬಾ, ಕೂಡು” ಎಂದ. ಕೂತೆ. ಕೇಳದೆಯೇ ಬಿಸಿ ಮಿರ್ಚಿ ಭಜಿ, ಚಹಾ ಬಂದವು. ಮದುವೆಯಾದ ಹೊಸತರಲ್ಲಿ ಒಮ್ಮೆ ನಾನು ಮಿರ್ಚಿ ಬೇಕೆಂದಾಗ, “ಬೀದ್ಯಾಗ ಕೂತು ತಿನ್ನೂದು ನಮ್ಮ ಮನ್ಯಾಗ ಪದ್ಧತಿ ಇಲ್ಲ” ಎಂದಿದ್ದ ಮನುಷ್ಯ ಈಗ ಬಾಯಿ ಸುಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿ, ಹಾ ಹಾ ಎನ್ನುತ್ತಿದ್ದ.

“ಕೇಸು ಹೊಲದ್ದೋ, ಮನೀದೋ?” ಮುದುಕಿ ಕೇಳಿದಳು.

ಆತ ನನ್ನ ಮುಖ ನೋಡಿದ. “ಮನೀದು” ಎಂದ.

“ಎದುರಿನ ಪಾರ್ಟಿಯವ್ರು ಬಂದಿದ್ರೇನು?”

“ಬಂದಾರ.”

“ಹೆಂಥಾ ಮಂದಿ? ಜಗಳಗಂಟರೇನು?”

ನನಗೆ ತಡೆಯಲಾಗಲಿಲ್ಲ. “ಇಲ್ಲಬೇ, ಅವರಿಗೆ ಬಾಯೇ ಇಲ್ಲ. ಅದ ತ್ರಾಸು” ಎಂದೆ.

“ಬಾಯಿ ಇಲ್ದವರನ್ನ ನಂಬಬ್ಯಾಡವಾ!” ಮುದುಕಿ ಭಜಿ ಕರಿಯುವ ಜಾಲರಿ ಸೌಟು ಎತ್ತಿ ಹೇಳಿದಳು. “ನಡುವ ಒಂದು ಗ್ವಾಡಿ ಎಬ್ಬಿಸಿಬಿಡ್ರಿ. ಕೇಸು ಗೆಲ್ಲೋರು ನೀವ. ಆದ್ರ ಇಬ್ರೂ ಒಗ್ಗಟ್ಟಿಲೆ ಇರ್ರಿ ಮತ್ತ.”

ಮೊದಲು ನಕ್ಕವನು ಆತ. ಬಿಕ್ಕಳಿಕೆಯಂಥ ವಿಚಿತ್ರ ನಗು, ನಾನು ಎಂದೂ ಕೇಳಿರದ್ದು. ಆಮೇಲೆ ನನಗೂ ಹತ್ತಿಕೊಂಡಿತು. ಚಹಾ ಸೀರೆಯ ಮೇಲೆ ಚೆಲ್ಲಿತು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಏನೂ ತಿಳಿಯದ ಮುದುಕಿಯೂ ನಕ್ಕಳು. ತಗಡಿನ ಮೇಲೆ ಮಳೆ, ಮುಂದೆ ಒಲೆಯ ಕಾವು, ಬೆನ್ನ ಮೇಲೆ ಬೆಚ್ಚಗಾಗುತ್ತಿರುವ ರವಿಕೆ. ಆಗ ನಾನು ಸುಖವಾಗಿದ್ದೆ. ಬೇರೆ ಮಾತು ಸಿಗುವುದಿಲ್ಲ.

ಆತ ನನ್ನ ಭಜಿಯನ್ನು ಸೀಳಿ, ಒಳಗಿನ ಮೆಣಸಿನಕಾಯಿ ತೆಗೆದು ತನ್ನ ಪೇಪರಿನ ಮೇಲೆ ಹಾಕಿಕೊಂಡ. ಮನೆಯಲ್ಲಿ ಮಾಡಿದಾಗಲೂ ನಾನು ಮೇಲಿನ ಹಿಟ್ಟಷ್ಟೇ ತಿನ್ನುತ್ತೇನೆಂಬುದು ಆತನಿಗೆ ಗೊತ್ತಿತ್ತು! ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನಿದ್ದ.

“ಒಂದು ಮಾತು ಕೇಳ್ಲೇನು?” ಎಂದ.

“ಕೇಳ್ರಿ.”

ಅಷ್ಟರಲ್ಲಿ ಫೋನು ಬಂತು. ಹೆಸರು ನೋಡಿದವನೇ ಎದ್ದು, ನನಗೆ ಬೆನ್ನು ಮಾಡಿ ನಿಂತ. “ಇಲ್ಲ ಅವ್ವಾ, ಒಬ್ಬನ ಇದ್ದೇನಿ. ಆಕಿ ಆಗಲೇ ಹೋದ್ಲು” ಎಂದ.

ನಲವತ್ತನಾಲ್ಕು ವರ್ಷದ ಗಂಡಸು. ವಾಪಸು ಬಂದು ಕೂತವನು ಆ ಮಾತು ಕೇಳಲಿಲ್ಲ. ನಾನೂ ನೆನಪಿಸಲಿಲ್ಲ. ಎದ್ದೆ.

“ಮಳಿ ಅದ” ಎಂದ.

“ಇರ್ಲಿ ಬಿಡ್ರಿ. ನಾ ಆಗಲೇ ಹೋಗಿಬಿಟ್ಟೇನಲ್ಲ.”

ಆತನ ಮುಖ ಹೇಗಾಯಿತೆಂದು ನಾನು ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಪಕ್ಕದಲ್ಲಿ ಹಸಿ ಕಡಲೆ ಗಿಡದ ಹೊರೆ ಇಟ್ಟುಕೊಂಡ ಹೆಣ್ಣುಮಗಳೊಬ್ಬಳು ಎರಡು ಗಿಡ ನನ್ನ ಮಡಿಲಿಗೆ ಹಾಕಿ, “ತಿನ್ರಿ ಅಕ್ಕಾರ, ಸುಮ್ನ ಕುಂತು ಏನ್ ಮಾಡ್ತೀರಿ” ಎಂದಳು. ಹುಬ್ಬಳ್ಳಿ ಬರುವತನಕ ಸುಲಿದು ತಿಂದೆ. ಬೆರಳ ತುದಿಯೆಲ್ಲ ಹುಳಿಯಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅದೂ ರುಚಿಯಾಗಿತ್ತು.

ಫೆಬ್ರುವರಿಯಲ್ಲಿ ಸಹಿ ಮಾಡಿದೆವು. ಹತ್ತು ನಿಮಿಷವೂ ಹಿಡಿಯಲಿಲ್ಲ. ಆತನ ಜೊತೆ ಅತ್ತೆ ಬಂದಿದ್ದರು. ಇಬ್ಬರೂ ಕಾರು ಹತ್ತಿ ಹೋದರು.

ಆ ಮನೆಯಲ್ಲಿ ಪಟ್ಟ ಅವಮಾನಗಳನ್ನು ನಾನು ಅಣ್ಣನಿಗೆ, ಗೆಳತಿಯರಿಗೆ, ವಕೀಲರಿಗೆ ಎಷ್ಟೋ ಸಲ ಹೇಳಿದ್ದೇನೆ. ಹೇಳಿ ಹೇಳಿ ಅವು ಸವೆದಿವೆ. ಮಳೆಯ ಆ ಒಂದು ತಾಸನ್ನು ಮಾತ್ರ ಯಾರಿಗೂ ಹೇಳಿಲ್ಲ. ಹಾಗೆ ನಗಲು ಆತನಿಗೆ ಬರುತ್ತಿತ್ತು. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದೂ ಆ ನಗುವನ್ನು ನನಗೆ ಕೊಡಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.